ಹಳೇ ಡೆಸ್ಕ್‌ಟಾಪ್ ಆನ್ ಆಗ್ತಿಲ್ಲವೇ? ಮದರ್‌ಬೋರ್ಡ್ ಹೋಯ್ತು ಅನ್ನುವ ಮುಂಚೆ

"ಕಂಪ್ಯೂಟರ್ ಆನ್ ಆಗ್ತಿಲ್ಲ" ಅಂತಷ್ಟೇ ಹೇಳಿದರೆ ರಿಪೇರಿ ಮಾಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬಟನ್ ಒತ್ತಿದರೆ ಜಪ್ಪಯ್ಯ ಅಂದರೂ ಅಲ್ಲಾಡದ ಸಿಪಿಯು ಒಂದು ಥರ. ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುವುದು ಇನ್ನೊಂದು ಥರ. ಫ್ಯಾನ್ ಓಡುತ್ತಲೇ ಇದ್ದು ಡಿಸ್‌ಪ್ಲೇ ಬಾರದಿರುವುದು ಮೂರನೆಯದು. ಡಿಸ್‌ಪ್ಲೇ ಬಂದು, ವಿಂಡೋಸ್ ತೆರೆದುಕೊಳ್ಳುವ ಮುಂಚೆ ಕೈಕೊಡುವುದು ನಾಲ್ಕನೆಯದು. ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಎಲ್ಲಿ ಕೈ ಹಾಕಬೇಕು ಅನ್ನುವುದು ತೀರ್ಮಾನವಾಗುತ್ತದೆ. ಅದನ್ನು ನೋಡದೆ ಫಾರ್ಮ್ಯಾಟ್ ಹೊಡೆಸುವುದು, ಹೊಸ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ತಂದು ಸಿಕ್ಕಿಸುವುದು, "ಬೋರ್ಡ್ ಹೋಗಿದೆ" ಅಂದವರ ಮಾತು ನಂಬಿ ಗುಜರಿಗೆ ಹಾಕುವುದು, ಮೂರೂ ದಂಡದ ಕೆಲಸ.

ಇಲ್ಲಿ ಹೇಳುತ್ತಿರುವುದು ಸುಮಾರು 2007ರಿಂದ 2013ರ ನಡುವೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳ ಬಗ್ಗೆ. ಕೋರ್ 2 ಡ್ಯುಯೋ ಅಥವಾ ಪೆಂಟಿಯಂ ಡ್ಯುಯಲ್ ಕೋರ್, ಜಿ31 ಇಲ್ಲವೇ ಜಿ41 ಚಿಪ್‌ಸೆಟ್‌ನ ಬೋರ್ಡ್. ಸ್ವಲ್ಪ ಈಚಿನದಾದರೆ ಎಚ್61 ಬೋರ್ಡ್. ಮನೆಗಳಲ್ಲಿ, ಸಣ್ಣ ಅಂಗಡಿಗಳಲ್ಲಿ, ಡಿಟಿಪಿ ಸೆಂಟರ್‌ಗಳಲ್ಲಿ ಇವು ಇನ್ನೂ ಇವೆ. ಇವುಗಳ ಒಂದು ದೊಡ್ಡ ಅನುಕೂಲ ಅಂದರೆ ಪ್ರತಿಯೊಂದು ಪಾರ್ಟ್ ಬಿಚ್ಚಬಹುದು, ಬೇರೆ ಮೆಷಿನ್‌ನಿಂದ ತಂದು ಹಾಕಿ ನೋಡಬಹುದು.

ಕೈ ಹಾಕುವ ಮುಂಚೆ ಎರಡು ಮಾತು. ಪವರ್ ಕಾರ್ಡ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡಿ. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ಗಳಲ್ಲಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ತಕ್ಷಣ ಹೋಗುವುದಿಲ್ಲ.

ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಆ ಪ್ಲಗ್ ಪಾಯಿಂಟ್‌ಗೆ ಅರ್ಥ್ ಇಲ್ಲ ಅಂತ ಅರ್ಥ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್ ಮೈಗೆ ಅರ್ಧ ಮೇನ್ಸ್ ವೋಲ್ಟೇಜ್ ಬಂದು ಕೂತಿರುತ್ತದೆ. ಕರೆಂಟ್ ಬಹಳ ಕಡಿಮೆ, ಆದರೆ ಮಾನಿಟರ್ ಕೇಬಲ್, ಯುಎಸ್‌ಬಿ ಸಿಕ್ಕಿಸುವಾಗ ಪೋರ್ಟ್ ಸುಡಲು ಅಷ್ಟು ಸಾಕು. ಕಂಪ್ಯೂಟರ್ ರಿಪೇರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಈಗ ಮೊದಲನೆಯ ಥರ: ಬಟನ್ ಒತ್ತಿದರೆ ಏನೂ ಇಲ್ಲ. ಎಲ್ಲಕ್ಕಿಂತ ಮೊದಲು ಯುಪಿಎಸ್ ಪಕ್ಕಕ್ಕಿಡಿ. ಮನೆಯ 600 ವಿಎ ಯುಪಿಎಸ್‌ನಲ್ಲಿರುವುದು 12 ವೋಲ್ಟ್ 7 ಎಎಚ್ ಬ್ಯಾಟರಿ, ಎರಡು ಮೂರು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಬ್ಯಾಟರಿ ಪೂರ್ತಿ ಕೂತರೆ ಕೆಲವು ಯುಪಿಎಸ್ ಗೋಡೆಯಲ್ಲಿ ಕರೆಂಟ್ ಇದ್ದರೂ ಆಚೆ ಕೊಡುವುದಿಲ್ಲ. ನೇರ ಗೋಡೆಯ ಮೂರು ಪಿನ್ ಪಾಯಿಂಟ್‌ಗೆ ಹಾಕಿ ನೋಡಿ. ಪವರ್ ಕಾರ್ಡ್ ಬದಲಾಯಿಸಿ. ಮಾನಿಟರ್‌ಗೂ ಅದೇ ಕಾರ್ಡ್ ಇರುತ್ತದೆ, ಅದಲು ಬದಲು ಮಾಡಿದರೆ ಸಾಕು. ಎಸ್‌ಎಂಪಿಎಸ್ ಹಿಂಭಾಗದ ಕಪ್ಪು ಸ್ವಿಚ್ ಯಾರೋ ಗುಡಿಸುವಾಗ ಆಫ್ ಆಗಿರಬಹುದು. ನಗಬೇಡಿ, ಸರ್ವಿಸ್ ಸೆಂಟರ್ ತನಕ ಹೊತ್ತು ತಂದ ಮೇಲೆ ಇದು ಪತ್ತೆಯಾಗುವುದು ಅಪರೂಪವಲ್ಲ. ಇನ್ನೂ ಹಳೆಯ ಎಸ್‌ಎಂಪಿಎಸ್‌ನಲ್ಲಿ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ನಮ್ಮ ಕರೆಂಟ್ ಕೊಟ್ಟರೆ ಢಂ ಅನ್ನುತ್ತದೆ.

ಇಷ್ಟಾದ ಮೇಲೆ ಪಕ್ಕದ ಬಾಗಿಲು ತೆಗೆಯಿರಿ. ಬಹಳಷ್ಟು ಬೋರ್ಡ್‌ಗಳ ಮೇಲೆ ಸ್ಟ್ಯಾಂಡ್‌ಬೈ ಎಲ್‌ಇಡಿ ಒಂದಿರುತ್ತದೆ. ಅದು ಉರಿಯುತ್ತಿದ್ದರೆ 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಿದೆ, ಆಗ ಮುಂದಿನ ಅನುಮಾನ ಕ್ಯಾಬಿನೆಟ್‌ನ ಬಟನ್ ಮೇಲೆ. ಬೋರ್ಡ್‌ನ ಅಂಚಿನಲ್ಲಿ ಫ್ರಂಟ್ ಪ್ಯಾನೆಲ್ ಪಿನ್‌ಗಳಿವೆ. ಸಾಮಾನ್ಯವಾಗಿ ಒಂಬತ್ತು ಪಿನ್ ಇರುತ್ತವೆ, ಅದರಲ್ಲಿ 6 ಮತ್ತು 8 ಪವರ್ ಸ್ವಿಚ್‌ಗೆ, 5 ಮತ್ತು 7 ರೀಸೆಟ್‌ಗೆ. ಬೋರ್ಡ್ ಮೇಲಿನ ಅಚ್ಚು ನೋಡಿ ಖಾತ್ರಿ ಮಾಡಿಕೊಂಡು, ಆ ಪಿನ್‌ಗಳ ವೈರ್‌ಗಳನ್ನೆಲ್ಲ ಕಿತ್ತು, ಪವರ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಸ್ಟಾರ್ಟ್ ಆಯಿತೇ? ಹಾಗಾದರೆ ಬಟನ್ ಹಾಳಾಗಿದೆ ಅಷ್ಟೇ. ರೀಸೆಟ್ ಬಟನ್ ಚೆನ್ನಾಗಿದ್ದರೆ ಅದರ ವೈರನ್ನು ಪವರ್ ಪಿನ್‌ಗೆ ಸಿಕ್ಕಿಸಿ, ಖರ್ಚಿಲ್ಲದೆ ಮುಗಿಯಿತು. ರೀಸೆಟ್ ಬಟನ್ ಒಳಗೇ ಸಿಕ್ಕಿಹಾಕಿಕೊಂಡಿದ್ದರೂ ಬೋರ್ಡ್ ಏಳುವುದಿಲ್ಲ, ಅದಕ್ಕೇ ವೈರ್‌ಗಳನ್ನೆಲ್ಲ ಕಿತ್ತು ನೋಡಿ ಅಂದದ್ದು.

ಎಲ್‌ಇಡಿಯೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. 24 ಪಿನ್ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ, ಹಸಿರು ವೈರ್‌ಗೂ ಯಾವುದಾದರೂ ಕಪ್ಪು ವೈರ್‌ಗೂ ಪೇಪರ್ ಕ್ಲಿಪ್‌ನಿಂದ ಸಂಪರ್ಕ ಕೊಡಿ, ಆಮೇಲೆ ಸ್ವಿಚ್ ಹಾಕಿ. ಲೋಡ್ ಇರಲಿ ಅಂತ ಒಂದು ಹಳೇ ಡಿವಿಡಿ ಡ್ರೈವ್ ಸಿಕ್ಕಿಸಿಡಿ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಿದೆ. ತಿರುಗಿದರೆ ಸತ್ತಿಲ್ಲ ಅಂತ ಮಾತ್ರ ಗೊತ್ತಾಯಿತು, ಚೆನ್ನಾಗಿದೆ ಅಂತಲ್ಲ. ಬಹಳ ಜನ ಎಡವುವುದು ಇಲ್ಲೇ. ಫ್ಯಾನ್ ತಿರುಗಲು 12 ವೋಲ್ಟ್ ಲೈನ್‌ನಲ್ಲಿ ಒಂದಿಷ್ಟು ಜೀವ ಇದ್ದರೆ ಸಾಕು. ಪ್ರೊಸೆಸರ್ ಎಳೆಯುವಾಗ ಆ ಲೈನ್ ನಿಲ್ಲುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ.

ಅದಕ್ಕೆ ಮಲ್ಟಿಮೀಟರ್ ಬೇಕು. ಮಾಮೂಲಿ ಡಿಜಿಟಲ್ ಮೀಟರ್ ಸಾಕು, 20 ವೋಲ್ಟ್ ಡಿಸಿಯಲ್ಲಿಡಿ. ಕನೆಕ್ಟರ್ ಬೋರ್ಡ್‌ನಲ್ಲಿ ಕೂತಿದ್ದಾಗಲೇ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿಯಲ್ಲಿ ಮೀಟರ್ ಮೊನೆ ಇಳಿಸಿ ಅಳೆಯಬೇಕು. ಹಳದಿ 12 ವೋಲ್ಟ್: 11.4ರಿಂದ 12.6ರೊಳಗೆ ಇರಬೇಕು. ಕೆಂಪು 5 ವೋಲ್ಟ್: 4.75ರಿಂದ 5.25. ಕಿತ್ತಳೆ 3.3 ವೋಲ್ಟ್: 3.14ರಿಂದ 3.47. ನೇರಳೆ ವೈರ್ ಸ್ಟ್ಯಾಂಡ್‌ಬೈ, ಬಟನ್ ಒತ್ತುವ ಮುಂಚೆಯೇ ಅಲ್ಲಿ 5 ವೋಲ್ಟ್ ಇರಬೇಕು. ಬೂದು ವೈರ್ ಪವರ್ ಗುಡ್. ಬಟನ್ ಒತ್ತಿದ ಮೇಲೆ ಅರ್ಧ ಸೆಕೆಂಡಿನೊಳಗೆ ಅದು 5 ವೋಲ್ಟ್ ಹತ್ತಿರಕ್ಕೆ ಏರದಿದ್ದರೆ ಬೋರ್ಡ್ ಪ್ರೊಸೆಸರನ್ನು ಎಬ್ಬಿಸುವುದೇ ಇಲ್ಲ. ನೇರಳೆಯಲ್ಲಿ 4.5 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಕಂಡರೆ ಒಳಗಿನ ಸ್ಟ್ಯಾಂಡ್‌ಬೈ ಸರ್ಕ್ಯೂಟ್‌ನ ಕೆಪಾಸಿಟರ್ ಒಣಗಿದೆ. ಇದರ ಗುರುತು ಸುಲಭ: ಪ್ಲಗ್ ಹಾಕಿ ಐದು ಹತ್ತು ನಿಮಿಷ ಬಿಟ್ಟು ಒತ್ತಿದರೆ ಆನ್ ಆಗುತ್ತದೆ, ತಣ್ಣಗಿದ್ದಾಗ ಆಗುವುದಿಲ್ಲ. ಈ ಆಟ ಶುರುವಾದ ಎಸ್‌ಎಂಪಿಎಸ್ ಹೆಚ್ಚು ದಿನ ಉಳಿಯುವುದಿಲ್ಲ. ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುವ ಮುಂಚೆ ಬದಲಾಯಿಸಿ.

ಹೊಸದು ತರುವಾಗ ಸ್ಟಿಕ್ಕರ್ ಮೇಲಿನ 450 ವ್ಯಾಟ್ ಅನ್ನುವ ದೊಡ್ಡ ಅಕ್ಷರ ನೋಡಬೇಡಿ. ಅದರ ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್‌ಗೆ ಎಷ್ಟು ಆಂಪಿಯರ್ ಅಂತ ನೋಡಿ. 14 ಆಂಪಿಯರ್ ಇದ್ದರೆ 12 ವೋಲ್ಟ್ ಲೈನ್‌ನಲ್ಲಿ ಸಿಗುವುದು 168 ವ್ಯಾಟ್ ಮಾತ್ರ. ಕೋರ್ 2 ಡ್ಯುಯೋದ ಇ7000, ಇ8000 ಸರಣಿಯ ಪ್ರೊಸೆಸರ್‌ಗಳು 65 ವ್ಯಾಟ್‌ನವು, ಆನ್‌ಬೋರ್ಡ್ ಗ್ರಾಫಿಕ್ಸ್ ಆದರೆ ಅಷ್ಟು ಧಾರಾಳವಾಯಿತು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಲದು.

ಎರಡನೆಯ ಥರ, ತಿರುಗಿ ನಿಲ್ಲುವುದು. ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್, ಹಿಂದೆ ಮುಂದೆ ಸಿಕ್ಕಿಸಿದ್ದೆಲ್ಲವನ್ನೂ ಕಿತ್ತುಹಾಕಿ. ಮುಂಭಾಗದ ಯುಎಸ್‌ಬಿ ಪೋರ್ಟ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ: ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು, ಪಿನ್‌ಗಳು ಬಾಗಿ ಒಂದಕ್ಕೊಂದು ಅಥವಾ ಲೋಹದ ಕವಚಕ್ಕೆ ತಾಗಿದ್ದರೆ 5 ವೋಲ್ಟ್ ನೇರ ಗ್ರೌಂಡ್‌ಗೆ ಹೋಗುತ್ತದೆ. ಆ ಪೋರ್ಟ್‌ನ ವೈರನ್ನು ಬೋರ್ಡ್‌ನಿಂದ ಕಿತ್ತರೆ ಮೆಷಿನ್ ಎದ್ದು ಕೂರುತ್ತದೆ. ಬೋರ್ಡ್ ಅಡಿಯಲ್ಲಿ ಬಿದ್ದ ಸ್ಕ್ರೂ, ಸತ್ತ ಹಲ್ಲಿ, ಇರುವೆ ಗೂಡು, ಇವೂ ಇದೇ ಕೆಲಸ ಮಾಡುತ್ತವೆ.

ತಕ್ಷಣ ನಿಲ್ಲದೆ ಹತ್ತು ಸೆಕೆಂಡ್, ಒಂದು ನಿಮಿಷ ಓಡಿ ನಿಂತರೆ ಕೂಲರ್ ನೋಡಿ. ಇಂಟೆಲ್‌ನ ದುಂಡು ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಅದರಲ್ಲಿ ಒಂದು ಕಿತ್ತರೂ ಹೀಟ್ ಸಿಂಕ್ ಒಂದು ಬದಿಗೆ ಎದ್ದು ಪ್ರೊಸೆಸರ್‌ಗೆ ಕೂರುವುದಿಲ್ಲ. ತೆಗೆಯಲು ಪ್ರತಿ ಕಾಲಿನ ತಲೆಯನ್ನು ಅದರ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆಳೆಯಿರಿ. ಸುಣ್ಣದಂತೆ ಒಣಗಿದ ಹಳೇ ಪೇಸ್ಟನ್ನು ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿ, ಹೊಸದನ್ನು ಬಟಾಣಿ ಕಾಳಿಗಿಂತ ಕಡಿಮೆ, ನಡುವೆ ಒಂದೇ ಚುಕ್ಕೆ ಹಾಕಿ. ಮತ್ತೆ ಕೂರಿಸುವಾಗ ತಲೆಗಳನ್ನು ವಾಪಸ್ ತಿರುಗಿಸಿ, ಎದುರುಬದುರು ಮೂಲೆಯ ಎರಡನ್ನು ಮೊದಲು ಒತ್ತಿ, ಆಮೇಲೆ ಉಳಿದೆರಡು. ನಾಲ್ಕೂ ಸಲ ಟಕ್ ಅನ್ನಬೇಕು. ಬೋರ್ಡ್ ಹಿಂದೆ ನಾಲ್ಕು ತುದಿಗಳೂ ಹೊರಬಂದಿವೆಯೇ ಅಂತ ನೋಡದೆ ಕರೆಂಟ್ ಕೊಡಬೇಡಿ.

ಮೂರನೆಯದು, ಫ್ಯಾನ್ ಓಡುತ್ತದೆ ಡಿಸ್‌ಪ್ಲೇ ಇಲ್ಲ. ಹಳೇ ಮೆಷಿನ್‌ಗಳಲ್ಲಿ ಅತಿ ಹೆಚ್ಚು ಬರುವ ದೂರು ಇದು. ಕಾರಣವೂ ಹೆಚ್ಚಿನ ಸಲ ರ‍್ಯಾಮ್, ಅದೂ ರ‍್ಯಾಮ್ ಕೆಟ್ಟಿದ್ದಲ್ಲ, ಅದರ ಕಾಲುಗಳ ಮೇಲೆ ಕಿಲುಬು ಕೂತಿದ್ದು. ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ತಿಂಗಳು ಮುಚ್ಚಿಟ್ಟ ಕಂಪ್ಯೂಟರ್ ಏಳದಿದ್ದರೆ ಬೇರೆಲ್ಲೂ ನೋಡುವ ಮುಂಚೆ ಇಲ್ಲೇ ನೋಡಿ. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಎರಡೂ ಬದಿ ಉದ್ದಕ್ಕೂ ಉಜ್ಜಿ. ರಬ್ಬರ್ ಪುಡಿಯನ್ನು ಪೂರ್ತಿ ಒರೆಸಿ, ಅದು ಸ್ಲಾಟ್‌ಗೆ ಹೋದರೆ ಇನ್ನೊಂದು ತಲೆನೋವು. ಸ್ಲಾಟನ್ನು ಒಣ ಪೇಂಟ್ ಬ್ರಷ್‌ನಿಂದ ಗುಡಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ. ಬೇಕೆಂದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಪೂರ್ತಿ ಆರಲು ಬಿಡಿ. ಆಮೇಲೆ ಒಂದೇ ಸ್ಟಿಕ್ ಹಾಕಿ ಒಂದು ಸ್ಲಾಟ್‌ನಲ್ಲಿ ನೋಡಿ, ಇನ್ನೊಂದರಲ್ಲಿ ನೋಡಿ. ಮತ್ತೊಂದು ಸ್ಟಿಕ್‌ಗೂ ಅದೇ.

ಬೋರ್ಡ್‌ಗೆ ಚಿಕ್ಕ ಬಜರ್ ಸಿಕ್ಕಿಸಿದರೆ ಊಹೆ ಮಾಡುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಈಗಿನ ಕ್ಯಾಬಿನೆಟ್‌ಗಳಲ್ಲಿ ಅದನ್ನು ಕೊಡುವುದೇ ಇಲ್ಲ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಬಯಾಸ್ ಅಂದರೆ ಆನ್ ಆದೊಡನೆ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ. ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮ್. ಒಂದು ಉದ್ದ ಎರಡು ಗಿಡ್ಡ ಆದರೆ ಡಿಸ್‌ಪ್ಲೇ ಕಾರ್ಡ್. ಇಂಟೆಲ್‌ನದೇ ಬೋರ್ಡ್ ಆದರೆ ಮೂರು ಬೀಪ್ ಅಂದರೆ ರ‍್ಯಾಮ್. ರ‍್ಯಾಮ್ ಎಲ್ಲ ಕಿತ್ತು ಆನ್ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ: ಆಗ ಬೀಪ್ ಬಂದರೆ ಪ್ರೊಸೆಸರ್, ಬಯಾಸ್ ಬದುಕಿವೆ. ರ‍್ಯಾಮ್ ಇಲ್ಲದೆಯೂ ಮೌನವಾಗಿದ್ದರೆ ಪ್ರೊಸೆಸರ್ ಪಕ್ಕದ ನಾಲ್ಕು ಪಿನ್ 12 ವೋಲ್ಟ್ ಕನೆಕ್ಟರ್ ಸರಿಯಾಗಿ ಕೂತಿದೆಯೇ ನೋಡಿ. ಅದನ್ನು ಮರೆತರೂ ಫ್ಯಾನ್ ಓಡುತ್ತದೆ, ಪ್ರೊಸೆಸರ್‌ಗೆ ಮಾತ್ರ ಏನೂ ಸಿಗುವುದಿಲ್ಲ.

ರ‍್ಯಾಮ್ ಹೊಸದಾಗಿ ಕೊಳ್ಳಬೇಕಾಗಿ ಬಂದರೆ ಎರಡು ಗುಂಡಿಗಳಿವೆ, ಬೀಳಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 4 ಜಿಬಿ ಡಿಡಿಆರ್2 ಸ್ಟಿಕ್‌ಗಳಲ್ಲಿ ಬಹುಪಾಲು ಎಎಂಡಿ ಬೋರ್ಡ್‌ಗಷ್ಟೇ ಹೊಂದುವಂಥವು, ಇಂಟೆಲ್ ಬೋರ್ಡ್‌ಗೆ ಹಾಕಿದರೆ ಡಿಸ್‌ಪ್ಲೇ ಬರುವುದಿಲ್ಲ. ಡಿಡಿಆರ್3 ಇರುವ ಜಿ41 ಬೋರ್ಡ್‌ಗೆ 4 ಜಿಬಿ ಸ್ಟಿಕ್ ತರುವುದಾದರೆ ಎರಡೂ ಬದಿ ಎಂಟೆಂಟು, ಒಟ್ಟು ಹದಿನಾರು ಚಿಪ್ ಇರುವುದನ್ನೇ ಕೇಳಿ. ಒಂದೇ ಬದಿ ಎಂಟು ದೊಡ್ಡ ಚಿಪ್ ಇರುವುದನ್ನು ಆ ಚಿಪ್‌ಸೆಟ್ ಗುರುತಿಸುವುದಿಲ್ಲ. ಅಂಗಡಿಯವರು "ಎಲ್ಲ ಒಂದೇ ಸರ್" ಅನ್ನುತ್ತಾರೆ. ಒಂದೇ ಅಲ್ಲ.

ರ‍್ಯಾಮ್‌ನಿಂದ ಬಗೆಹರಿಯದಿದ್ದರೆ ಬಯಾಸ್ ಸೆಟ್ಟಿಂಗ್ ಉಳಿಸಿಡುವ ಸೀಮಾಸ್ ಬ್ಯಾಟರಿ. ರೂಪಾಯಿ ನಾಣ್ಯದಂಥ ಸಿಆರ್2032, ಹೊಸದರಲ್ಲಿ 3 ವೋಲ್ಟ್ ತೋರಿಸಬೇಕು. 2.6ಕ್ಕಿಂತ ಕೆಳಗಿದ್ದರೆ ಬದಲಾಯಿಸಿ. ಕರೆಂಟ್ ಕಿತ್ತು, ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿದರೆ ಬಯಾಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಪಕ್ಕದಲ್ಲೇ ಇರುವ ಮೂರು ಪಿನ್‌ನ ಜಂಪರನ್ನು 1-2ರಿಂದ 2-3ಕ್ಕೆ ಹತ್ತು ಸೆಕೆಂಡ್ ಸರಿಸಿ ವಾಪಸ್ ತಂದರೂ ಸರಿ. ವಾಪಸ್ ತರುವುದನ್ನು ಮರೆಯಬೇಡಿ. ಆದರೆ ಹೀಗೆ ಮಾಡುವ ಮುಂಚೆ ಸಾಧ್ಯವಾದರೆ ಬಯಾಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಏನಿತ್ತು ಅಂತ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಕೆಳಗೆ ಬರುತ್ತದೆ.

ಈಗ ಕೆಪಾಸಿಟರ್. ಪ್ರೊಸೆಸರ್ ಸುತ್ತ ನಿಂತಿರುವ ಸಣ್ಣ ಡಬ್ಬಿಗಳ ತಲೆಯನ್ನು ಒಂದೊಂದಾಗಿ ನೋಡಿ. ತಲೆಯ ಮೇಲೆ ಇಂಗ್ಲಿಷಿನ ಕೆ (K) ಅಥವಾ ಕೂಡುವ ಚಿಹ್ನೆಯ ಆಕಾರದ ಗೀರು ಇರುತ್ತದೆ. ಅದು ಚಪ್ಪಟೆಯಾಗಿರಬೇಕು. ಬೆರಳಾಡಿಸಿದರೆ ಉಬ್ಬಿದ್ದು ಗೊತ್ತಾಗುತ್ತದೆ. ಕೆಲವದರ ಮೇಲೆ ಕಂದು ಬಣ್ಣದ ರಸ ಒಣಗಿ ಅಂಟಿರುತ್ತದೆ. ಒಳಗಿನ ಎಲೆಕ್ಟ್ರೊಲೈಟ್ ಕೆಟ್ಟು ಗ್ಯಾಸ್ ಆದಾಗ ಹೀಗಾಗುತ್ತದೆ. 2000ದ ದಶಕದಲ್ಲಿ ಲೋಕದ ತುಂಬ ಇದೊಂದು ಪಿಡುಗೇ ಆಗಿತ್ತು, ಹೆಸರಾಂತ ಕಂಪನಿಗಳ ಬೋರ್ಡ್‌ಗಳೂ ಲಕ್ಷಗಟ್ಟಲೆ ಕೆಟ್ಟವು. ಕೆಪಾಸಿಟರ್ ಕೆಟ್ಟರೆ ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್ ನಯವಾಗಿರುವುದಿಲ್ಲ, ಏರಿಳಿಯುತ್ತದೆ. ಒಂದು ದಿನ ಏಳುತ್ತದೆ, ಒಂದು ದಿನ ಇಲ್ಲ, ಎದ್ದರೂ ಕೆಲಸದ ನಡುವೆ ರೀಸ್ಟಾರ್ಟ್.

ಇದನ್ನು ಬದಲಾಯಿಸಬಹುದು, ಸೋಲ್ಡರಿಂಗ್ ಕೈ ಪಳಗಿದ್ದರೆ. ಮೈಮೇಲೆ ಬರೆದಿರುವಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯದು, ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವುದು) ಅಂತ ಕೇಳಿ ತನ್ನಿ. 6.3 ವೋಲ್ಟ್ 1000 ಮತ್ತು 1500 ಮೈಕ್ರೊಫ್ಯಾರಡ್ ಹೆಚ್ಚು ಬೇಕಾಗುವವು. ರೇಡಿಯೊ ಅಂಗಡಿಯ ಮಾಮೂಲಿ ಕೆಪಾಸಿಟರ್ ಹಾಕಿದರೆ ಅದೂ ಬೇಗ ಉಬ್ಬುತ್ತದೆ. ಕಿತ್ತುವ ಮುಂಚೆ ಫೋನ್‌ನಲ್ಲಿ ಫೋಟೊ ತೆಗೆಯಿರಿ, ಡಬ್ಬಿಯ ಪಟ್ಟೆ ಇರುವ ಬದಿ ನೆಗೆಟಿವ್. ಬೋರ್ಡ್ ಮೇಲೆ ಅರ್ಧವೃತ್ತಕ್ಕೆ ಬಣ್ಣ ತುಂಬಿದ್ದನ್ನು ನಂಬಬೇಡಿ, ಎಲ್ಲ ಕಂಪನಿಯವರೂ ಒಂದೇ ಥರ ಗುರುತು ಹಾಕುವುದಿಲ್ಲ. ಹಳೆಯದು ಹೇಗೆ ಕೂತಿತ್ತೋ ಹಾಗೆ ಹೊಸದು. 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲದು, ಗ್ರೌಂಡ್ ಕಾಲಿನ ಬಿಸಿಯನ್ನೆಲ್ಲ ಬೋರ್ಡ್‌ನ ಒಳಪದರದ ತಾಮ್ರ ಹೀರಿಕೊಂಡುಬಿಡುತ್ತದೆ. 60 ವ್ಯಾಟ್‌ನದು ತಗೊಳ್ಳಿ. ಹಳೇ ಬೆಸುಗೆಯ ಮೇಲೆ ಮೊದಲು ಸ್ವಲ್ಪ 60/40 ಹೊಸ ಲೆಡ್ ಸೇರಿಸಿ ಕರಗಿಸಿ, ಒಂದು ಕಾಲು ಬಿಸಿ ಮಾಡಿ ಡಬ್ಬಿಯನ್ನು ಇತ್ತ ವಾಲಿಸಿ, ಇನ್ನೊಂದು ಕಾಲು ಬಿಸಿ ಮಾಡಿ ಅತ್ತ ವಾಲಿಸಿ, ನಿಧಾನಕ್ಕೆ ಬಿಡಿಸಿ. ಎಳೆದರೆ ರಂಧ್ರದೊಳಗಿನ ತಾಮ್ರದ ಕೊಳವೆಯೇ ಕಿತ್ತು ಬರುತ್ತದೆ, ಆಗ ಬೋರ್ಡ್ ನಿಜವಾಗಿಯೂ ಹೋಯಿತು.

ಬೋರ್ಡ್ ನಿಜವಾಗಿ ಹೋಗುವ ಇನ್ನೊಂದು ದಾರಿ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪವರ್ ಪ್ಲಗ್ ಕಿತ್ತಿಟ್ಟು, ಇಂಟರ್ನೆಟ್ ಕೇಬಲ್ ಹಾಗೇ ಬಿಡುತ್ತಾರೆ. ಸಿಡಿಲು ಆ ಕೇಬಲ್‌ನಿಂದ ಬರುತ್ತದೆ. ಆನ್ ಮಾಡಿದ ಅರ್ಧ ನಿಮಿಷದಲ್ಲಿ ಲ್ಯಾನ್ ಪೋರ್ಟ್ ಹಿಂದಿನ ಚೌಕದ ಚಿಪ್ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಅದೇ ಕಥೆ. ಇಷ್ಟು ಹಳೇ ಬೋರ್ಡ್‌ಗೆ ಚಿಪ್ ಲೆವೆಲ್ ರಿಪೇರಿ ಮಾಡಿಸುವುದಕ್ಕಿಂತ ಅದೇ ಥರದ ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕುವುದು ವಾಸಿ.

ನಾಲ್ಕನೆಯ ಥರದಲ್ಲಿ ಹಾರ್ಡ್‌ವೇರ್ ಹೆಚ್ಚುಕಡಿಮೆ ಚೆನ್ನಾಗಿದೆ. ಡಿಸ್ಕ್ ಬೂಟ್ ಫೇಲ್ಯೂರ್ ಅಂತ ಬಂದರೆ ಮೊದಲು ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿ ಬಿಟ್ಟಿದ್ದೀರಾ ನೋಡಿ. ಬಯಾಸ್‌ನಲ್ಲಿ ಡಿಸ್ಕ್ ಹೆಸರೇ ಕಾಣದಿದ್ದರೆ ಸಾಟಾ ಕೇಬಲ್ ಬದಲಾಯಿಸಿ, ಬೇರೆ ಪೋರ್ಟ್‌ಗೆ ಹಾಕಿ. ಲಾಕ್ ಇಲ್ಲದ ಹಳೇ ಕೆಂಪು ಕೇಬಲ್‌ಗಳು ಸಡಿಲವಾಗುವುದು ಸಾಮಾನ್ಯ.

ವಿಂಡೋಸ್ ಲೋಗೊ ಬಂದು ನೀಲಿ ಪರದೆ, ಅದರಲ್ಲಿ 0x0000007ಬಿ ಅನ್ನುವ ಕೋಡ್. ಇದು ಕಂಡೊಡನೆ ಫಾರ್ಮ್ಯಾಟ್ ಅನ್ನುವವರೇ ಹೆಚ್ಚು. ತಡೆಯಿರಿ. ಸೀಮಾಸ್ ಬ್ಯಾಟರಿ ಸತ್ತಾಗ ಬಯಾಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ, ಸಾಟಾ ಮೋಡ್ ಎಎಚ್‌ಸಿಐ ಇದ್ದದ್ದು ಐಡಿಇ ಆಗುತ್ತದೆ ಅಥವಾ ತಿರುಗಾಮುರುಗಾ. ವಿಂಡೋಸ್ ಹಾಕುವಾಗ ಇದ್ದ ಮೋಡ್ ಬಿಟ್ಟು ಇನ್ನೊಂದಾದರೆ ವಿಂಡೋಸ್ 7ಕ್ಕೆ ತನ್ನ ಡಿಸ್ಕೇ ಸಿಗುವುದಿಲ್ಲ. ಆನ್ ಮಾಡುವಾಗ ಕೀಬೋರ್ಡ್‌ನ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ, ಎಫ್10 ಒತ್ತಿ ಸೇವ್ ಮಾಡಿ. ಬ್ಯಾಟರಿಯೂ ಹೊಸದು ಹಾಕಿ, ಇಲ್ಲದಿದ್ದರೆ ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಅದೇ ನೀಲಿ ಪರದೆ.

ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್ ಅಂದರೆ ವಿಂಡೋಸ್ ಡಿವಿಡಿ ಅಥವಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸ್ಟಾರ್ಟಪ್ ರಿಪೇರಿ ಕೊಡಿ, ಹೆಚ್ಚಿನ ಸಲ ಸಾಕು. ಆದರೆ ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ, ಅಥವಾ ಡಿಸ್ಕ್‌ನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್, ಅಂದರೆ ಕೆಟ್ಟ ಜಾಗಗಳ ಎಣಿಕೆ ಸೊನ್ನೆಯಿಂದ ಮೇಲೇರುತ್ತಿದ್ದರೆ ಯಾವ ರಿಪೇರಿಯೂ ಬೇಡ, ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಅದು ಸಾಯುತ್ತಿರುವ ಡಿಸ್ಕ್ ಮೇಲೆ ಬರೆಯಲು ಹೋಗುತ್ತದೆ. ಮೊದಲು ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬೇಕಾದ ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್ ತಯಾರು ಮಾಡುವಾಗ ರೂಫಸ್ ಅನ್ನುವ ಪ್ರೋಗ್ರಾಂನಲ್ಲಿ ಎಂಬಿಆರ್ ಆರಿಸಿ, ಹಳೇ ಬಯಾಸ್‌ಗೆ ಜಿಪಿಟಿ-ಯುಇಎಫ್‌ಐ ಪೆನ್‌ಡ್ರೈವ್ ಅರ್ಥವಾಗುವುದಿಲ್ಲ. ಕಾಪಿ ನಡುವೆ ಸಿಕ್ಕಿಕೊಂಡರೆ ಡಿಡಿರೆಸ್ಕ್ಯೂ ಅನ್ನುವ ಲಿನಕ್ಸ್ ಪ್ರೋಗ್ರಾಂ ಬಳಸಿ. ಅದು ಓದಲಾಗದ ಜಾಗ ಬಿಟ್ಟು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಎತ್ತಿಕೊಂಡ ಮೇಲೆ ವಾಪಸ್ ಬರುತ್ತದೆ.

ನಮ್ಮಲ್ಲಿ ಫೈಲ್ ಕಾಪಿ ಮಾಡುವಾಗ ಒಂದು ವಿಷಯ ಬಿಟ್ಟೇಹೋಗುತ್ತದೆ. ನುಡಿಯಲ್ಲಿ, ಬರಹದಲ್ಲಿ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಹಳೇ ಪತ್ರ, ಅರ್ಜಿ, ಆಮಂತ್ರಣ ಪತ್ರಿಕೆಗಳು ಹೊಸ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಸದಂತೆ ತೆರೆದುಕೊಳ್ಳುತ್ತವೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಎತ್ತಿಟ್ಟುಕೊಳ್ಳಿ. ಅಂಗಡಿಯ ಮೆಷಿನ್ ಆದರೆ ಟ್ಯಾಲಿಯ ಡೇಟಾ ಫೋಲ್ಡರ್ ಕೂಡ. ಅದು ಡಾಕ್ಯುಮೆಂಟ್ಸ್ ಒಳಗೆ ಇರದೆ ಬೇರೆ ಡ್ರೈವ್‌ನಲ್ಲೇ ಇರಬಹುದು.

ಎದ್ದ ಮೆಷಿನ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು ಹಾಕಿ, ರ‍್ಯಾಮ್ 4 ಜಿಬಿ ಮಾಡಿದರೆ ಟೈಪಿಂಗ್, ಬ್ರೌಸಿಂಗ್‌ಗೆ ಆರಾಮಾಗಿ ನಡೆಯುತ್ತದೆ. ಯಾವ ಓಎಸ್ ಅನ್ನುವುದಷ್ಟೇ ತೊಡಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ 24ಎಚ್2 ಮತ್ತು ಮುಂದಿನವಕ್ಕೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಅನ್ನುವ ಆದೇಶಗಳ ಗುಂಪು ಬೇಕೇ ಬೇಕು, ಅದು ಕೋರ್ 2 ಡ್ಯುಯೋದಲ್ಲಿ ಇಲ್ಲ, ಯಾವ ಅಡ್ಡದಾರಿಯಿಂದಲೂ ಬೂಟ್ ಆಗುವುದಿಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಂಥ ಮೆಷಿನ್‌ಗೆ ಸರಿಹೊಂದುತ್ತದೆ, ಕನ್ನಡ ಟೈಪಿಂಗೂ ಇದೆ.

ಬೋರ್ಡ್ ಉಳಿಯಲಿಲ್ಲ ಅಂದರೂ ಡಿಸ್ಕ್ ಬಿಸಾಡಬೇಡಿ. ಸಾಟಾದಿಂದ ಯುಎಸ್‌ಬಿಗೆ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪ್‌ನಲ್ಲೇ ತೆರೆಯಬಹುದು. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಅದು ಯುಎಸ್‌ಬಿಯಿಂದ ಸಿಗುವುದಿಲ್ಲ, ಹಾಗಾಗಿ ಪ್ರತ್ಯೇಕ ಅಡಾಪ್ಟರ್ ಜೊತೆ ಬರುವ ಕನ್ವರ್ಟರನ್ನೇ ಕೇಳಿ ತನ್ನಿ.